ಮೂಲೆ ಸೇರಿದ ಮೊಬೈಲಿಗೆ ಹೊಲದ ಕೆಲಸ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ತೊಗರಿಯ ಸೀಮೆಯಲ್ಲಿ ಇದು ವರ್ಷಪೂರ್ತಿ ನೀರು ಕೇಳುವ ಬೆಳೆ. ತೊಗರಿ ಬಿತ್ತಿದವನು ಮುಗಿಲು ನೋಡುತ್ತಾನೆ, ಬಾಳೆ ಹಚ್ಚಿದವನು ಕರೆಂಟು ನೋಡುತ್ತಾನೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ದಿನಕ್ಕೆ ಏಳು ತಾಸು, ಅದೂ ಪಾಳಿಯ ಮೇಲೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ನಡುವೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಗಾಳಿ ಮಳೆಗೆ ತಂತಿ ಹರಿದರೆ ಪಾಳಿಯ ಲೆಕ್ಕವೂ ತಪ್ಪುತ್ತದೆ. ಮನೆ ಊರಲ್ಲಿ, ಮೋಟಾರು ಹೊಲದಲ್ಲಿ. ‘ಲೈನ್ ಬಂದದೇನೋ?’ ಎಂದು ಪಕ್ಕದ ಹೊಲದವನಿಗೆ ಫೋನ್ ಹಚ್ಚಿ ಕೇಳುವುದು, ಅವನೂ ಊರಲ್ಲೇ ಇದ್ದರೆ ಬೈಕ್ ಹತ್ತುವುದು, ಇಷ್ಟೇ ದಾರಿ.

ಇದಕ್ಕೆ ಉತ್ತರ ಕೊಡಬಲ್ಲ ಸಾಮಾನು ಬಹಳ ಮನೆಗಳಲ್ಲಿ ಈಗಾಗಲೇ ಇದೆ. ಪರದೆಯ ಮೂಲೆ ಒಡೆದು, ಮಕ್ಕಳಿಗೆ ಬೇಡವಾಗಿ, ಕಪಾಟಿನಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನ್. ಅದನ್ನು ಮೋಟಾರಿನ ಕೋಣೆಯಲ್ಲಿಟ್ಟು, ಕರೆಂಟು ಬಂದಾಗ ತಾನಾಗಿಯೇ ನಿಮಗೊಂದು ಎಸ್ಎಂಎಸ್ ಕಳಿಸುವಂತೆ ಮಾಡುವುದು ಹೇಗೆ ಎಂಬುದೇ ಇವತ್ತಿನ ಪಾಠ. ಪ್ಲೇ ಸ್ಟೋರಿನಿಂದ ಒಂದು ಆ್ಯಪ್ ಹಾಕಿಕೊಳ್ಳುವುದು, ಒಂದು ಮೆಸೇಜು ಟೈಪಿಸುವುದು ಬಂದರೆ ಸಾಕು. ಪ್ರೋಗ್ರಾಮಿಂಗ್ ಬೇಕಿಲ್ಲ.

ನಮ್ಮ ಭಾಗದಲ್ಲಿ ಆಟೋ ಸ್ಟಾರ್ಟರ್ ಹಾಕಿಕೊಂಡವರು ನಗಬಹುದು. ಕರೆಂಟು ಬಂದ ತಕ್ಷಣ ಮೋಟಾರು ತಾನೇ ಶುರುವಾಗುವಾಗ ಮೆಸೇಜು ಯಾಕೆ ಎಂದು. ಆದರೆ ಒಂದೇ ಟಿಸಿಯ ಮೇಲಿನ ಎಲ್ಲ ಮೋಟಾರುಗಳೂ ಒಂದೇ ಗಳಿಗೆಗೆ ಎದ್ದರೆ ಆ ಟಿಸಿಯ ಗತಿ ಏನಾಗುತ್ತದೆ ಎಂಬುದು ಅವರಿಗೂ ಗೊತ್ತು. ಬಾವಿಯಲ್ಲಿ ನೀರಿಲ್ಲದಾಗ ಮೋಟಾರು ಒಣಗಿ ಓಡುವುದು, ತುಂಬಿದ ಮಡಿಗೆ ಮತ್ತೆ ನೀರು ಹರಿಯುವುದು ಬೇರೆ. ಸುದ್ದಿ ಮುಟ್ಟಿದರೆ ಸಾಕು, ನಿರ್ಧಾರ ಮನುಷ್ಯನದೇ ಇರಲಿ ಎಂಬುದು ನನ್ನ ಪಕ್ಷ.

ಈ ವಿಚಾರ ಹೊಸದಲ್ಲ. ಪಕ್ಕದ ಮಹಾರಾಷ್ಟ್ರದ ಪುಣೆಯಲ್ಲಿ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರ್ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಮೊಬೈಲು ಜೋಡಿಸಿ, ದೂರದಿಂದ ಕರೆ ಮಾಡಿ ಮೋಟಾರು ನಡೆಸುವ ‘ನ್ಯಾನೋ ಗಣೇಶ್’ ಸಾಧನ ಮಾಡಿದರು. 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯೊಂದರಲ್ಲಿ ಅದಕ್ಕೆ ಬಹುಮಾನ ಬಂತು. ಈಗ ಸಿಮ್ ಹಾಕುವ ‘ಮೊಬೈಲ್ ಸ್ಟಾರ್ಟರ್’ಗಳು ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ದುಡ್ಡಿದ್ದವರು ಕೊಳ್ಳಲಿ. ನಾವಿಲ್ಲಿ ಮಾಡುವುದು ಅದಕ್ಕಿಂತ ಚಿಕ್ಕದು, ಅದಕ್ಕಿಂತ ಸುರಕ್ಷಿತವಾದದ್ದು: ಫೋನು ಸುದ್ದಿ ಹೇಳುತ್ತದೆ, ಮೋಟಾರು ಮುಟ್ಟುವುದಿಲ್ಲ.

ಹಾಗೆ ನೋಡಿದರೆ ನಿಮ್ಮೂರ ಗ್ರಾಮ ಪಂಚಾಯಿತಿಯಲ್ಲೂ ಇಂಥದ್ದೇ ಒಂದು ಯಂತ್ರ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಮೇಲೆ ಕಣ್ಣಿಡುವ ಚಿಕ್ಕ ಘಟಕವಾಗಿ ಶುರುವಾದದ್ದು. ಅದು ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಮೇಲೊಂದು ಸೋಲಾರ್ ಹಲಗೆ, ಒಳಗೊಂದು ಸಿಮ್. ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಮಳೆ ಬಿತ್ತೆಂಬುದನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಹೇಳುತ್ತದೆ. ಯಾರೂ ಅದರ ಮುಂದೆ ಕುಳಿತು ಬಟನ್ ಒತ್ತುವುದಿಲ್ಲ. ಅಳೆಯುವ ಒಂದು ಕಣ್ಣು, ಸುದ್ದಿ ಒಯ್ಯುವ ಒಂದು ಸಿಮ್, ಯಾವಾಗ ಹೇಳಬೇಕೆಂಬ ಒಂದು ನಿಯಮ. ಹಳೆಯ ಫೋನಿನಲ್ಲಿ ಈ ಮೂರೂ ಇವೆ. ಚಾರ್ಜರಿನ ತೂತೇ ಅದರ ಕಣ್ಣು.

ವಾಟ್ಸಾಪ್ ಇರುವಾಗ ಎಸ್ಎಂಎಸ್ ಯಾಕೆ ಎಂದು ವಿದ್ಯಾರ್ಥಿಗಳು ಪ್ರತಿಸಲ ಕೇಳುತ್ತಾರೆ. ವಾಟ್ಸಾಪಿಗೆ ಎರಡೂ ಕಡೆ ಡೇಟಾ ಬೇಕು, ಸ್ಮಾರ್ಟ್‌ಫೋನ್ ಬೇಕು. ಕಮಲಾಪುರದ ಗುಡ್ಡದ ಇಳಿಜಾರಿನ ಹೊಲಗಳಲ್ಲಿ ಸಿಗ್ನಲ್ಲಿನ ಒಂದೇ ಗೆರೆ ಕಾಣುವ ಜಾಗದಲ್ಲಿ ವಾಟ್ಸಾಪಿನ ಗಡಿಯಾರದ ಗುರುತು ತಿರುಗುತ್ತಲೇ ಇರುತ್ತದೆ. ಎಸ್ಎಂಎಸ್ ಹಾಗಲ್ಲ. ಟವರು ಮತ್ತು ಫೋನು ‘ನಾನಿಲ್ಲಿದ್ದೇನೆ, ನಿನಗೊಂದು ಕರೆ ಬಂದಿದೆ’ ಎಂದು ತಮ್ಮೊಳಗೆ ಮಾತಾಡಿಕೊಳ್ಳುವ ಸಣ್ಣ ದಾರಿಯೊಂದಿದೆ. ಎಸ್ಎಂಎಸ್ ಆ ದಾರಿಯಲ್ಲೇ ಹೋಗಲೆಂದು ರೂಪುಗೊಂಡದ್ದು. ಅದಕ್ಕೇ ಅದು ಅಷ್ಟು ಚಿಕ್ಕದು, ಅದಕ್ಕೇ ಕರೆ ನಿಲ್ಲದ ಜಾಗದಲ್ಲೂ ಒಮ್ಮೊಮ್ಮೆ ಮೆಸೇಜು ದಾಟಿಹೋಗುತ್ತದೆ. ಮುಟ್ಟಬೇಕಾದ ಫೋನು ಆಫ್ ಆಗಿದ್ದರೆ ಮೊಬೈಲ್ ಕಂಪನಿಯ ಸಂದೇಶ ಕೇಂದ್ರ ಅದನ್ನು ಹಿಡಿದಿಟ್ಟುಕೊಂಡು, ಫೋನು ಆನ್ ಆದಾಗ ಮುಟ್ಟಿಸುತ್ತದೆ. ಕೀಪ್ಯಾಡ್ ಫೋನಿಗೂ ಬರುತ್ತದೆ. ಹೊಲದ ಮಾಲೀಕನ ತಾಯಿಯ ಕೈಯಲ್ಲಿರುವುದು ಅಂಥದ್ದೇ ಫೋನು.

ಮೊದಲ ಎಸ್ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಅಂದರೆ ಮೊಟ್ಟಮೊದಲ ಎಸ್ಎಂಎಸ್ಸೇ ಫೋನಿನ ಗುಂಡಿ ಒತ್ತಿ ಕಳಿಸಿದ್ದಲ್ಲ, ಯಂತ್ರದಿಂದ ಬಂದದ್ದು! ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈ 15ಕ್ಕೆ. ರೈತರಿಗೆ ಎಸ್ಎಂಎಸ್ ಮೂಲಕ ಕೃಷಿ ಸಲಹೆ ಕಳಿಸುವ ಕೇಂದ್ರ ಸರ್ಕಾರದ ಎಂ-ಕಿಸಾನ್ ವ್ಯವಸ್ಥೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದ್ದು ಮರುದಿನ, ಜುಲೈ 16ಕ್ಕೆ. ಯಾರೂ ಹೊಂದಿಸಿ ಇಟ್ಟ ಮುಹೂರ್ತ ಇರಲಿಕ್ಕಿಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ.

ಫೋನು ಆರಿಸುವಾಗ ಮೊದಲು ನೋಡಬೇಕಾದದ್ದು ಬ್ಯಾಟರಿ. ಬೆನ್ನು ಉಬ್ಬಿದ ಫೋನನ್ನು ಯಾವ ಕಾರಣಕ್ಕೂ ಬಳಸಬೇಡಿ. ‘ಇನ್ನೂ ಚಾಲು ಅದ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿಗೆ ದಾರಿ. ಕಲಬುರಗಿಯ ಮೇ ತಿಂಗಳು 42, 43 ಡಿಗ್ರಿ ಮುಟ್ಟುತ್ತದೆ, ತಗಡಿನ ಕೋಣೆಯೊಳಗೆ ಇನ್ನೂ ಹೆಚ್ಚು. ಆದ್ದರಿಂದ ಫೋನನ್ನು ತಗಡಿಗೆ ತಾಗಿಸಿ ಕಟ್ಟಬೇಡಿ. ನೆರಳಿನ ಗೋಡೆಗೆ, ನೆಲದಿಂದ ಎದೆ ಎತ್ತರದಲ್ಲಿ, ಗಾಳಿಯಾಡುವ ಹಾಗೆ ಮರದ ಹಲಗೆಯ ಮೇಲೆ ಇಡಿ. ಸುತ್ತ ಕಡ್ಡಿ, ಹೊಟ್ಟು, ಗೋಣಿಚೀಲ ಇರಕೂಡದು. ಇಲಿ ವಯರು ಕಡಿಯುತ್ತದೆ ಎಂಬುದನ್ನು ರೈತರಿಗೆ ನಾನು ಹೇಳಬೇಕಿಲ್ಲ.

ಎರಡನೆಯದು ನೆಟ್‌ವರ್ಕ್. ಜಿಯೋ ಸಿಮ್ ಹಾಕುವುದಾದರೆ 4ಜಿ ಫೋನೇ ಬೇಕು, ಅವರ ಜಾಲದಲ್ಲಿ 2ಜಿ ಇಲ್ಲ. ಉಳಿದ ಕಂಪನಿಗಳ ಸಿಮ್ 2ಜಿ ಮೇಲೂ ಮೆಸೇಜು ಕಳಿಸುತ್ತದೆ. ಯಾವುದು ಕೊಳ್ಳಬೇಕೆಂದು ಅಂಗಡಿಯವನನ್ನು ಕೇಳುವ ಮೊದಲು ನಿಮ್ಮ ಮೋಟಾರಿನ ಕೋಣೆಯೊಳಗೆ ನಿಂತು, ಬಾಗಿಲು ಹಾಕಿಕೊಂಡು, ಬೇರೆ ಬೇರೆ ಸಿಮ್‌ಗಳಿಂದ ಒಂದೊಂದು ಮೆಸೇಜು ಕಳಿಸಿ ನೋಡಿ. ಯಾವುದು ಮುಟ್ಟುತ್ತದೋ ಅದೇ ಒಳ್ಳೆಯ ಸಿಮ್. ಬ್ಯಾಂಕ್ ಖಾತೆಗೆ, ಆಧಾರಿಗೆ ಜೋಡಿಸಿದ ನಂಬರನ್ನು ಮಾತ್ರ ಅಲ್ಲಿಡಬೇಡಿ. ಹೊಲದಲ್ಲಿ ಒಂಟಿಯಾಗಿ ನೇತಾಡುವ ಫೋನು ಕಳುವಾದರೆ ಒಟಿಪಿಯೂ ಕಳ್ಳನ ಕೈ ಸೇರುತ್ತದೆ.

ಡೇಟಾ ಇಲ್ಲದ, ಮಾತು ಮತ್ತು ಎಸ್ಎಂಎಸ್ ಮಾತ್ರ ಇರುವ ರೀಚಾರ್ಜು ಈಗ ಸಿಗುತ್ತದೆ. ಅಂಥ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ನಿಯಮ ಮಾಡಿತು, ವರ್ಷದವರೆಗಿನ ವ್ಯಾಲಿಡಿಟಿಗೂ ಅವಕಾಶ ಕೊಟ್ಟಿತು. ಅಂಗಡಿಯವನು ತಾನಾಗಿ ಹೇಳಲಿಕ್ಕಿಲ್ಲ, ಕೇಳಿ ತೆಗೆದುಕೊಳ್ಳಿ.

ಮೂರನೆಯದು, ಫೋನನ್ನು ಪೂರ್ತಿ ಅಳಿಸುವುದು. ಸೆಟ್ಟಿಂಗ್ಸಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಮನೆಮಂದಿಯ ಜಿಮೇಲ್ ಹಾಕದೆ ಇದಕ್ಕೆಂದೇ ಹೊಸ ಖಾತೆ ತೆರೆಯಿರಿ. ಫೋಟೋ, ಫೋನ್‌ಪೇ, ವಾಟ್ಸಾಪ್ ಯಾವುದೂ ಬೇಡ. ಮುಂದೆ ಹೇಳುವ ಆ್ಯಪ್ ಇಳಿಸಿಕೊಂಡ ಮೇಲೆ ವೈಫೈ, ಬ್ಲೂಟೂತ್, ಲೊಕೇಶನ್, ಡೇಟಾ ಎಲ್ಲ ಆಫ್. ಹೀಗೆ ಬರಿದಾದ ಫೋನು ಕರೆಂಟಿಲ್ಲದ ಹದಿನೇಳು ತಾಸನ್ನು ಅರ್ಧ ಜೀವದ ಬ್ಯಾಟರಿಯಲ್ಲೂ ದಾಟಿಸುತ್ತದೆ.

ಈಗ ಆ್ಯಪ್. ತಾನಾಗಿ ಕೆಲಸ ಮಾಡಿಸುವ ಆ್ಯಪ್‌ಗಳು ಹಲವಿವೆ: ಟಾಸ್ಕರ್, ಆಟೋಮೇಟ್, ಮ್ಯಾಕ್ರೋಡ್ರಾಯ್ಡ್. ಹೊಸಬರಿಗೆ ನಾನು ಹೇಳುವುದು ಮ್ಯಾಕ್ರೋಡ್ರಾಯ್ಡ್. ಉಚಿತ ಆವೃತ್ತಿಯಲ್ಲಿ ಜಾಹೀರಾತು ಕಾಣುತ್ತವೆ, ಕೆಲವೇ ಮ್ಯಾಕ್ರೋ ಮಾಡಬಹುದು, ನಮಗೆ ಅಷ್ಟು ಸಾಕು. ಮ್ಯಾಕ್ರೋ ಎಂದರೆ ಫೋನಿಗೆ ಮೊದಲೇ ಹೇಳಿಟ್ಟ ಮಾತು. ಹೊಲ ಕಾಯುವ ಆಳಿಗೆ ‘ದನ ಒಳಗ ಬಂದ್ರ ನನಗ ಹೇಳು, ಹೊರಗ ನಿಂತ್ರ ಬ್ಯಾಡ’ ಎಂದು ಹೇಳಿ ಬಂದಂತೆ. ಆ ಮಾತಿನಲ್ಲಿ ಮೂರು ಭಾಗ ಇವೆ: ಏನಾದರೆ, ಏನು ಮಾಡಬೇಕು, ಯಾವಾಗ ಬೇಡ. ಆ್ಯಪಿನಲ್ಲಿಯೂ ಮೂರೇ ಪೆಟ್ಟಿಗೆ, ಟ್ರಿಗರ್, ಆ್ಯಕ್ಷನ್, ಕನ್‌ಸ್ಟ್ರೇಂಟ್ ಎಂದು. ಕೆಂಪು, ನೀಲಿ, ಹಸಿರು ಬಣ್ಣದಲ್ಲಿ ಒಂದರ ಕೆಳಗೊಂದು ಕಾಣುತ್ತವೆ.

ಮೊದಲ ಪೆಟ್ಟಿಗೆಯಲ್ಲಿ ಚಾರ್ಜರಿಗೆ ಕರೆಂಟು ಬಂದಾಗ, ಅಂದರೆ ಪವರ್ ಕನೆಕ್ಟೆಡ್ ಎಂಬುದನ್ನು ಆರಿಸಿ. ಎರಡನೆಯದರಲ್ಲಿ ಸೆಂಡ್ ಎಸ್ಎಂಎಸ್ ಆರಿಸಿ, ನಿಮ್ಮ ನಂಬರ್ ಹಾಕಿ, ಕೆಳಗೆ ಬರೆಯಿರಿ: ‘ಹೊಲದಾಗ ಕರೆಂಟ್ ಬಂದದ’. ಮೂರನೆಯದು ಸದ್ಯಕ್ಕೆ ಖಾಲಿ ಇರಲಿ. ಆ್ಯಪು ಎಸ್ಎಂಎಸ್ ಕಳಿಸಲು ಅನುಮತಿ ಕೇಳುತ್ತದೆ, ಕೊಡಿ. ಮ್ಯಾಕ್ರೋಗೆ ಒಂದು ಹೆಸರಿಟ್ಟು ಉಳಿಸಿ. ಈಗ ಮನೆಯಲ್ಲೇ ಚಾರ್ಜರ್ ಚುಚ್ಚಿ. ನಿಮ್ಮ ಕಿಸೆಯ ಫೋನು ಟಿಂಗ್ ಎಂದರೆ ಅರ್ಧ ಪಾಠ ಮುಗಿಯಿತು. ಇದೇ ರೀತಿ ಕರೆಂಟು ಹೋದಾಗಿನ ಮ್ಯಾಕ್ರೋ ಇನ್ನೊಂದು ಮಾಡಿ.

ಮೆಸೇಜು ಕನ್ನಡದಲ್ಲಿ ಬರೆಯಲು ಅಂಜಬೇಡಿ, ಉದ್ದ ಮಾತ್ರ ಬೇಡ. ಒಂದು ಎಸ್ಎಂಎಸ್ಸಿನಲ್ಲಿ 140 ಬೈಟ್ ಜಾಗ ಇರುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಒತ್ತೊತ್ತಾಗಿ ತುಂಬಿ 160 ಹಿಡಿಸುತ್ತಾರೆ, ಕನ್ನಡದ್ದು 70 ಮಾತ್ರ. ಆ ಎಪ್ಪತ್ತನ್ನು ಫೋನು ಎಣಿಸುವುದು ನಾವು ಎಣಿಸುವಂತಲ್ಲ. ಕಾಗುಣಿತದ ಗುರುತು, ಸೊನ್ನೆ, ಒತ್ತಿನ ಹಿಂದಿನ ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಕ್ಷೇತ್ರ’ ನಮಗೆ ಎರಡಕ್ಷರ, ಫೋನಿಗೆ ಏಳು. ಮೇಲೆ ಬರೆದ ‘ಹೊಲದಾಗ ಕರೆಂಟ್ ಬಂದದ’ ಖಾಲಿ ಜಾಗ ಸೇರಿ ಹದಿನೆಂಟು. ಎಪ್ಪತ್ತು ದಾಟಿದರೆ ಎರಡು ಮೆಸೇಜಾಗಿ ಒಡೆದು ಹೋಗುತ್ತದೆ, ಲೆಕ್ಕಕ್ಕೂ ಎರಡೇ. ಕನ್ನಡವನ್ನೂ ಒತ್ತಿ ತುಂಬುವ ಕೋಷ್ಟಕವೊಂದು ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೇರಿದೆ. ಆದರೆ ಕಳಿಸುವ ಫೋನು, ತೆಗೆದುಕೊಳ್ಳುವ ಫೋನು ಎರಡಕ್ಕೂ ಅದು ಗೊತ್ತಿರಬೇಕು. ಅದನ್ನು ನಂಬಿ ಕೂರುವುದು ಬೇಡ.

ಮನೆಯಲ್ಲಿ ಚೆನ್ನಾಗಿ ನಡೆದದ್ದು ಹೊಲಕ್ಕೆ ಹೋದ ಮೇಲೆ ಕೈಕೊಡುವುದು ಮಾಮೂಲು. ಅದಕ್ಕೆ ನಾಲ್ಕು ಕಾರಣ ಕಾಣುತ್ತೇನೆ, ಇಲ್ಲಿ ಸ್ವಲ್ಪ ನಿಂತು ಓದಿ.

ಕರೆಂಟು ಬರುವಾಗ ಒಮ್ಮೆಲೇ ಬಂದು ನಿಲ್ಲುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪ್ರತಿಸಲವೂ ಫೋನು ನಿಷ್ಠೆಯಿಂದ ಮೆಸೇಜು ಕಳಿಸುತ್ತದೆ. ಸಾಮಾನ್ಯ ಪ್ಯಾಕಿನಲ್ಲಿ ದಿನಕ್ಕೆ 100 ಎಸ್ಎಂಎಸ್, ಮಧ್ಯಾಹ್ನಕ್ಕೇ ಖಾಲಿ. ಜೊತೆಗೆ ಆಂಡ್ರಾಯ್ಡ್ ತಾನೇ ಒಂದು ಕಾವಲು ಇಟ್ಟುಕೊಂಡಿದೆ. ಯಾವುದೇ ಆ್ಯಪು ಸ್ವಲ್ಪ ಹೊತ್ತಿನಲ್ಲೇ ಬಹಳ ಮೆಸೇಜು ಕಳಿಸಲು ಹೊರಟರೆ ಪರದೆಯ ಮೇಲೆ ‘ಕಳಿಸಲೇ?’ ಎಂದು ಕೇಳಿ ನಿಲ್ಲುತ್ತದೆ. ಹೊಲದಲ್ಲಿ ಹೌದೆಂದು ಒತ್ತುವವರು ಯಾರು? ಆದ್ದರಿಂದ ಮೆಸೇಜು ಕಳಿಸುವ ಮೊದಲು ಎರಡು ನಿಮಿಷ ಕಾಯುವ ಆ್ಯಕ್ಷನ್ ಸೇರಿಸಿ. ಕಾದ ಮೇಲೂ ಚಾರ್ಜರಿನಲ್ಲಿ ಕರೆಂಟು ಇದ್ದರೆ ಮಾತ್ರ ಕಳಿಸು ಎಂಬ ಷರತ್ತನ್ನು ಅದರ ಕೆಳಗೆ ಹಾಕಿ.

ಎರಡನೆಯದು ಫೇಸಿನ ಮಾತು, ಈ ಪಾಠದ ಕಷ್ಟದ ಭಾಗವೂ ಅದೇ. ಚಾರ್ಜರಿಗೆ ಬೇಕಾಗುವುದು ಒಂದು ಫೇಸು, ಒಂದು ನ್ಯೂಟ್ರಲ್. ಸಿಂಗಲ್ ಫೇಸ್ ಹೊತ್ತಿನಲ್ಲೂ ಅದು ಹೊತ್ತಿಕೊಳ್ಳುತ್ತದೆ, ‘ಕರೆಂಟ್ ಬಂದದ’ ಎನ್ನುತ್ತದೆ. ನೀವು ಅಷ್ಟು ದೂರ ಹೋದರೆ ಮೋಟಾರು ಎಳೆಯುವುದಿಲ್ಲ. ಇದಕ್ಕೆ ಎಲೆಕ್ಟ್ರೀಷಿಯನ್ ಬೇಕು. ಅವನಿಗೆ ಹೀಗೆ ಹೇಳಿ: ಮೂರೂ ಫೇಸ್ ಸರಿಯಾಗಿ ಇದ್ದಾಗ ಮಾತ್ರ ಈ ಪ್ಲಗ್ಗಿಗೆ ಕರೆಂಟ್ ಬರಬೇಕು. ಫೇಸ್ ನೋಡುವ ರಿಲೇ ಒಂದನ್ನು ಹಾಕಿ ಅವನು ಮಾಡಿಕೊಡುತ್ತಾನೆ. ಮೋಟಾರು ಓಡುತ್ತಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯಬೇಕಿದ್ದರೆ ಪ್ಲಗ್ಗನ್ನು ಸ್ಟಾರ್ಟರಿನ ಕಾಂಟ್ಯಾಕ್ಟರ್ ದಾಟಿದ ಮೇಲಿನ ಕಡೆಯಿಂದ ಕೊಡಿಸಿದರೆ ಸಾಕು. ನೀವೇ ವಯರು ಕೈಗೆ ತೆಗೆದುಕೊಳ್ಳಬೇಡಿ. ಎರಡು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ, ಫೋನಿನ ಚಾರ್ಜರಿನ ಮೇಲೆ ಬರೆದಿರುವುದು 240ರವರೆಗೆ. ತಪ್ಪಿ ಜೋಡಿಸಿದರೆ ಚಾರ್ಜರು ಪಟಾಕಿ. ನ್ಯೂಟ್ರಲ್ ಇಲ್ಲವೆಂದು ಅರ್ಥಿಂಗ್ ತಂತಿಯನ್ನೇ ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮ ಹೊಲಗಳಲ್ಲಿದೆ. ಒದ್ದೆ ನೆಲದಲ್ಲಿ ಅದು ಜೀವ ತೆಗೆಯುವ ಕೆಲಸ.

ಮೂರನೆಯ ಕಾರಣ ಫೋನಿನ ಉಳಿತಾಯ ಬುದ್ಧಿ. 2015ರ ಆಂಡ್ರಾಯ್ಡ್ 6ರಿಂದ ಈಚೆಗೆ, ಅಲುಗಾಡದೆ ಬಿದ್ದ ಫೋನು ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ಮಲಗಿಸುತ್ತದೆ. ಕೆಲವು ಕಂಪನಿಗಳ ಫೋನುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೊಂದೇಬಿಡುತ್ತವೆ. ಸೆಟ್ಟಿಂಗ್ಸಿನ ಬ್ಯಾಟರಿ ಭಾಗದಲ್ಲಿ ಮ್ಯಾಕ್ರೋಡ್ರಾಯ್ಡಿಗೆ ‘ಅನಿರ್ಬಂಧಿತ’ ಎಂದು ಕೊಡಿ. ಆಟೋಸ್ಟಾರ್ಟ್ ಎಂಬ ಬಟನ್ ಇದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ಫೋನನ್ನು ಒಂದು ಇಡೀ ರಾತ್ರಿ ಮುಟ್ಟದೆ ಬಿಟ್ಟು ಬೆಳಿಗ್ಗೆ ಚಾರ್ಜರ್ ಚುಚ್ಚಿ ನೋಡಿ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ನಾಲ್ಕನೆಯದು ಮೌನ. ಎರಡು ದಿನ ಮೆಸೇಜು ಬರಲಿಲ್ಲ ಎನ್ನಿ. ಕರೆಂಟು ಬಂದಿಲ್ಲವೋ, ಫೋನು ಸತ್ತಿದೆಯೋ, ಸಿಮ್ಮಿನ ವ್ಯಾಲಿಡಿಟಿ ಮುಗಿಯಿತೋ, ಕಳುವಾಯಿತೋ? ಮೌನಕ್ಕೆ ನೂರು ಅರ್ಥ. ಅದಕ್ಕೆ ಮೂರನೆಯ ಮ್ಯಾಕ್ರೋ ಮಾಡಿ: ದಿನಾ ಸಂಜೆ ಏಳಕ್ಕೆ ‘ನಾ ಅದೀನಿ’ ಎಂದು ಬ್ಯಾಟರಿ ಎಷ್ಟಿದೆಯೆಂಬುದರ ಜೊತೆ ಒಂದು ಮೆಸೇಜು. ಬ್ಯಾಟರಿಯ ಅಂಕಿಯನ್ನು ಆ್ಯಪೇ ತುಂಬಿಕೊಳ್ಳುತ್ತದೆ. ಏಳಕ್ಕೆ ಈ ಮೆಸೇಜು ಬಾರದಿದ್ದರೆ ತೊಂದರೆ ಕರೆಂಟಿನದಲ್ಲ, ಫೋನಿನದು ಎಂದು ತಿಳಿಯುತ್ತದೆ. ಹೊಸಬರು ಇದನ್ನು ಅನಗತ್ಯವೆಂದು ಬಿಡುತ್ತಾರೆ. ನನ್ನ ಮಟ್ಟಿಗೆ ಮೊದಲು ಮಾಡಬೇಕಾದ ಮ್ಯಾಕ್ರೋ ಇದೇ.

ಇಲ್ಲಿಯವರೆಗೆ ಫೋನು ತಾನಾಗಿ ಮಾತಾಡಿತು. ನೀವು ಕೇಳಿದಾಗ ಮಾತಾಡಬೇಕೆಂದರೆ? ಟ್ರಿಗರಿನಲ್ಲಿ ಎಸ್ಎಂಎಸ್ ಬಂದಾಗ ಎಂಬುದನ್ನು ಆರಿಸಿ, ಕಳಿಸಿದವರ ಜಾಗದಲ್ಲಿ ನಿಮ್ಮ ನಂಬರನ್ನೇ ಹಾಕಿ, ಮೆಸೇಜಿನಲ್ಲಿ ಇರಬೇಕಾದ ಪದ ‘ಹ್ಯಾಂಗದ’ ಎಂದು ಕೊಡಿ. ಉತ್ತರವಾಗಿ ಕರೆಂಟು, ಬ್ಯಾಟರಿ ಎರಡರ ಸ್ಥಿತಿ ಬರುವಂತೆ ಮಾಡಿ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಿಂತು ‘ಹ್ಯಾಂಗದ’ ಎಂದು ಕಳಿಸಿದರೆ ಹೊಲ ಉತ್ತರ ಕೊಡುತ್ತದೆ. ನಂಬರಿನ ಜಾಗ ಖಾಲಿ ಬಿಟ್ಟು ‘ಯಾರೇ ಕಳಿಸಿದರೂ ಉತ್ತರಿಸು’ ಎಂದರೆ ಮಾತ್ರ ಕಷ್ಟ. ಕಂಪನಿಯ ಜಾಹೀರಾತಿಗೂ ಫೋನು ಉತ್ತರ ಬರೆಯುತ್ತ ಕೂರುತ್ತದೆ. ಎರಡೂ ಕಡೆ ಇಂಥದ್ದೇ ಫೋನಿದ್ದರಂತೂ ಪ್ಯಾಕ್ ಮುಗಿಯುವವರೆಗೆ ಅವೆರಡರ ಹರಟೆ ನಿಲ್ಲುವುದಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ, ಅಂದರೆ ಎಸ್ಎಂಎಸ್ಸಿನಿಂದಲೇ ಮೋಟಾರು ಆನ್ ಮಾಡುವುದು, ಈ ಪಾಠದಲ್ಲಿಲ್ಲ. ಬಾವಿಯಲ್ಲಿ ಇಳಿದು ಯಾರೋ ಫುಟ್‌ವಾಲ್ವ್ ರಿಪೇರಿ ಮಾಡುತ್ತಿರುವಾಗ ದೂರದಲ್ಲಿದ್ದವನು ಮೋಟಾರು ಶುರುಮಾಡಿದರೆ ಏನಾಗುತ್ತದೆ ಎಂದು ಯೋಚಿಸಿ. ಅದಕ್ಕೆ ರಕ್ಷಣೆಗಳಿರುವ ತಯಾರಿ ಸ್ಟಾರ್ಟರ್ ಕೊಳ್ಳುವುದೇ ಸರಿ.

ಇಂಟರ್ನೆಟ್ಟಿನ ಮೂಲಕ ದೂರದಿಂದ ಮೆಸೇಜು ಕಳಿಸಿಸುವುದೂ ಸಾಧ್ಯ. ಇದಕ್ಕೆ ಹಳೆಯ ಫೋನು ಹೊಲದಲ್ಲಲ್ಲ, ಮನೆಯಲ್ಲೋ ಶಾಲೆಯ ಕಚೇರಿಯಲ್ಲೋ ಡೇಟಾ ಇರುವ ಕಡೆ ಇರಬೇಕು. ಮ್ಯಾಕ್ರೋಡ್ರಾಯ್ಡ್ ನಿಮಗೊಂದು ಗುಟ್ಟಿನ ವೆಬ್ ವಿಳಾಸ ಕೊಡುತ್ತದೆ. ಬೆಂಗಳೂರಿನಲ್ಲಿ ಕುಳಿತು ಆ ವಿಳಾಸ ತೆರೆದರೆ ಕಲಬುರಗಿಯ ಫೋನಿನಿಂದ ಮೆಸೇಜು ಹೊರಡುತ್ತದೆ. ವಿಳಾಸ ಇನ್ನೊಬ್ಬರ ಕೈಸೇರಿದರೆ ಅವರೂ ನಿಮ್ಮ ಹೆಸರಿನಲ್ಲಿ ಕಳಿಸಬಲ್ಲರು, ಆದ್ದರಿಂದ ಅದನ್ನು ಎಟಿಎಂ ಪಿನ್ನಿನ ಹಾಗೆ ಕಾಪಾಡಿ. ಕಂಪ್ಯೂಟರ್ ಬಲ್ಲವರು ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಒಂದೇ ಸಾಲಿನ ಆಜ್ಞೆಯಿಂದ ಇದನ್ನು ಮಾಡಬಹುದು. ಟರ್ಮಕ್ಸನ್ನೂ ಅದರ ಜೊತೆಗಾರ ಆ್ಯಪನ್ನೂ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದಲೇ ಇಳಿಸಿಕೊಳ್ಳಬೇಕು. ಕೀಪ್ಯಾಡ್ ಫೋನಿಗೆ ತಾನಾಗಿ ಮಾಡುವ ಬುದ್ಧಿ ಇಲ್ಲ, ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ ಗಾಮು ಎಂಬ ತಂತ್ರಾಂಶದಿಂದ ನಡೆಸಬೇಕು, ಎಲ್ಲ ಮಾದರಿಯೂ ಅದಕ್ಕೆ ಒಗ್ಗುವುದಿಲ್ಲ. ಹೊಸಬರಿಗೆ ಆ ದಾರಿ ಬೇಡ.

ಇಷ್ಟು ಕಲಿತವರ ತಲೆಯಲ್ಲಿ ಮುಂದೆ ಏಳುವ ಯೋಚನೆ ನನಗೆ ಗೊತ್ತು. ‘ಸರ, ಹಂಗಾದ್ರ ನಮ್ಮ ಅಂಗಡಿ ಗಿರಾಕಿಗಳಿಗೆಲ್ಲ ಹಬ್ಬದ ಆಫರ್ ಕಳಸಬಹುದಲ್ರೀ?’ ಕಳಿಸಕೂಡದು. ವ್ಯಾಪಾರದ ಮೆಸೇಜು ಕಳಿಸುವವರು ಟ್ರಾಯ್ 2018ರಲ್ಲಿ ಮಾಡಿದ ನಿಯಮದಂತೆ ಮೊಬೈಲ್ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಹೆಸರು, ಕಳಿಸುವ ಗುರುತು, ಮೆಸೇಜಿನ ಒಕ್ಕಣೆ ಮೂರನ್ನೂ ನೋಂದಾಯಿಸಬೇಕು. ಹತ್ತಂಕಿಯ ಸಾಮಾನ್ಯ ನಂಬರಿನಿಂದ ಜಾಹೀರಾತು ಕಳಿಸುವಂತಿಲ್ಲ. 2025ರ ತಿದ್ದುಪಡಿಯ ನಂತರ ಹತ್ತು ದಿನದಲ್ಲಿ ಐವರು 1909ಕ್ಕೆ ದೂರು ಕೊಟ್ಟರೂ ಕ್ರಮ ಜರುಗುತ್ತದೆ. ಕತ್ತರಿಸುವುದು ಆ ಸಿಮ್ ಒಂದನ್ನೇ ಅಲ್ಲ, ನಿಮ್ಮ ಹೆಸರಿನ ಬೇರೆ ನಂಬರುಗಳೂ ಅಪಾಯಕ್ಕೆ ಸಿಗುತ್ತವೆ.

ಈ ಬಿಗಿಗೆ ಕಾರಣ ಇದೆ, ಅದರಲ್ಲಿ ಒಂದು ಕರ್ನಾಟಕದ್ದೇ. 2012ರ ಆಗಸ್ಟಿನಲ್ಲಿ ಸುಳ್ಳು ಮೆಸೇಜುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ನೆರೆದರು. ಕೇಂದ್ರ ಸರ್ಕಾರ ಹದಿನೈದು ದಿನ ರಾಶಿ ಎಸ್ಎಂಎಸ್ ನಿಲ್ಲಿಸಿತು, ಒಂದು ಹಂತದಲ್ಲಿ ಒಬ್ಬರಿಗೆ ದಿನಕ್ಕೆ ಐದೇ ಮೆಸೇಜು ಎಂದು ಕಟ್ಟು ಹಾಕಿತು. ಅದೇ ವರ್ಷದ ಕೊನೆಗೆ ದಿನಕ್ಕೆ 100 ದಾಟಿದ ಪ್ರತಿ ಮೆಸೇಜಿಗೂ ಕನಿಷ್ಠ 50 ಪೈಸೆ ಎಂದು ಟ್ರಾಯ್ ಗೊತ್ತುಮಾಡಿತು. ಆ ದರವನ್ನು 2020ರಲ್ಲಿ ತೆಗೆದರು, ಆದರೆ ಪ್ಯಾಕುಗಳಲ್ಲಿ ನೂರರ ಅಂಕಿ ಹಾಗೇ ಕುಳಿತಿದೆ.

ಹಾಗಾದರೆ ಯಾರಿಗೆ ಕಳಿಸಬಹುದು? ನಿಮ್ಮನ್ನು ಬಲ್ಲವರಿಗೆ, ‘ಕಳಸ್ರಿ’ ಎಂದು ಒಪ್ಪಿದವರಿಗೆ, ಅವರಿಗೆ ಬೇಕಾದ ಸುದ್ದಿಯನ್ನು. ಒಂದೇ ಟಿಸಿಯ ಕೆಳಗಿನ ಏಳೆಂಟು ಜನ ರೈತರು ದುಡ್ಡು ಕೂಡಿಸಿ ಒಂದು ಫೋನು ಇಟ್ಟರೆ ಎಲ್ಲರಿಗೂ ಸುದ್ದಿ ಮುಟ್ಟುತ್ತದೆ. ಇದು ನನಗೆ ಕಾಣುವ ಅತಿ ಒಳ್ಳೆಯ ಉಪಯೋಗ. ನಳ ಬಿಡುವ ದಿನ ಓಣಿಯ ಹದಿನೈದು ಮನೆಗೆ ‘ನೀರು ಬಂದಾವ’ ಎನ್ನುವುದಕ್ಕೂ ಆಗುತ್ತದೆ. ಯಾರಾದರೂ ಬೇಡ ಎಂದರೆ ಅವತ್ತೇ ಅವರ ನಂಬರು ತೆಗೆಯಿರಿ. ಮಳೆ, ಸಿಡಿಲು, ಪ್ರವಾಹದ ಎಚ್ಚರಿಕೆಗಳನ್ನು ಮಾತ್ರ ನಿಮ್ಮ ಫೋನಿನಿಂದ ಹರಡಬೇಡಿ, ಅದು ಸರ್ಕಾರದ ಕೆಲಸ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ಅದು ಎಸ್ಎಂಎಸ್ ಅಲ್ಲ. ಟವರು ತನ್ನ ವ್ಯಾಪ್ತಿಯ ಎಲ್ಲ ಫೋನಿಗೂ ಒಂದೇ ಸಲ ಕೂಗಿ ಹೇಳುವ ಸೆಲ್ ಬ್ರಾಡ್‌ಕಾಸ್ಟ್ ಎಂಬ ಬೇರೆಯೇ ಪದ್ಧತಿಯ ಪರೀಕ್ಷೆ. ಒಂದೊಂದಾಗಿ ಮೆಸೇಜು ಕಳಿಸುವ ನಮ್ಮ ಫೋನಿಗೆ ಅಂಥ ಅವಸರದ ಕೆಲಸ ಆಗದು.

ಗುಡುಗು ಶುರುವಾದ ದಿನ ಚಾರ್ಜರ್ ಕಿತ್ತಿಡಿ. ತಿಂಗಳಿಗೊಮ್ಮೆ ಹೊಲಕ್ಕೆ ಹೋದಾಗ ಫೋನಿನ ಬೆನ್ನು ಸವರಿ ಉಬ್ಬಿದೆಯೇ ನೋಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆನ್ ಆದ ಮೇಲೆ ಸಿಮ್ ಪಿನ್ ಕೇಳುವಂತೆ ಇಟ್ಟಿದ್ದರೆ ಅದನ್ನು ಮೊದಲೇ ತೆಗೆದಿರಿ, ಇಲ್ಲದಿದ್ದರೆ ಬ್ಯಾಟರಿ ಸತ್ತು ಹುಟ್ಟಿದಾಗ ಫೋನು ಪಿನ್ ಕೇಳುತ್ತ ಮೂಕಾಗಿ ಕೂರುತ್ತದೆ.

ಇಂಥ ಫೋನುಗಳು ಕೆಲಸ ನಿಲ್ಲಿಸುವುದು ಬಹುತೇಕ ರೀಚಾರ್ಜು ಮರೆತು. ಮನೆಯ ಫೋನಿಗೆ ವ್ಯಾಲಿಡಿಟಿ ಮುಗಿಯುವ ಎಚ್ಚರಿಕೆ ಬರುತ್ತದೆ, ಹೊಲದ ಫೋನಿಗೂ ಬರುತ್ತದೆ, ಆದರೆ ಅಲ್ಲಿ ಓದುವವರಿಲ್ಲ. ಬಹಳ ದಿನ ಬಿಟ್ಟರೆ ನಂಬರು ಕಡಿದುಹೋಗಿ, ಕಡಿದ 90 ದಿನದ ಮೇಲೆ ಇನ್ನೊಬ್ಬರ ಪಾಲಾಗಬಹುದು. ಮೋಟಾರಿನ ಕೋಣೆಯ ಗೋಡೆಯ ಮೇಲೂ ಮನೆಯ ಕ್ಯಾಲೆಂಡರಿನ ಮೇಲೂ ಸಿಮ್ಮಿನ ನಂಬರು, ರೀಚಾರ್ಜಿನ ಕೊನೆಯ ತಾರೀಖು ಎರಡನ್ನೂ ದೊಡ್ಡಕ್ಷರದಲ್ಲಿ ಬರೆದಿಡಿ.